ಪುಕ್ಕ ಉದುರುವ ಕಾಲ

ದೋಣಿ ಹತ್ತುವಾಗ ಕಾಲು ನೆನೆಯಬಾರದೆಂದು
ಇಲ್ಲೊಂದು ಗಾಡಿ ಇದೆ, ಎತ್ತಿಲ್ಲದ ಗಾಡಿ.
ಎದೆಮಟ್ಟ ರಬ್ಬರು ತೊಟ್ಟ ಇಬ್ಬರು ಹುಡುಗರು
ಹನ್ನೆರಡು ಜನರನ್ನು ಅದರ ಮೇಲೆ ನಿಲ್ಲಿಸಿ
ಅಲೆಯೊಳಕ್ಕೆ ತಳ್ಳುತ್ತಾರೆ.
ನಾವು ಸಂತೆಗೆ ಹೊರಟ ಕುಂಬಳಕಾಯಿಗಳ ಹಾಗೆ
ಒಬ್ಬರಿಗೊಬ್ಬರು ತಾಗಿಕೊಂಡು, ಗಂಭೀರವಾಗಿ.

ಚಿಲೊಯೆ ದ್ವೀಪದಲ್ಲಿ ಇದು ಕೊನೆಯ ದಿನ.
ಸಂಜೆ ಆರರ ಹಡಗು.
ಒಂಬತ್ತು ದಿನದಲ್ಲಿ ಏಳು ಮರದ ಇಗರ್ಜಿ,
ಬೆರಳಿನಂಥ ನೇರಳೆ ಆಲೂಗಡ್ಡೆ,
ಕಂಬಗಳ ಮೇಲೆ ನಿಂತ ಮನೆಗಳ ಅಡಿಯಲ್ಲಿ
ದಿನಕ್ಕೆರಡು ಸಲ ಬಂದು ಹೋಗುವ ಸಮುದ್ರ:
ಎಲ್ಲ ನುಂಗಿದ ಕ್ಯಾಮೆರಾ
ಈಗ ಜಾಗವಿಲ್ಲ ಅನ್ನುತ್ತಿದೆ.
ಲೆಕ್ಕ ಸರಳ.
ಒಂದು ಪೆಂಗ್ವಿನ್ ಬೇಕಾದರೆ ಒಂದು ಇಗರ್ಜಿ ಬಿಡಬೇಕು.

ದೋಣಿ ನಡೆಸುವವನು ಬೆಲಾರ್ಮಿನೊ ನವೆಲ್ಕಿನ್.
ಅವನು ಪ್ರಾಣಿಗಳನ್ನು ತೋರಿಸುವುದಿಲ್ಲ,
ಅವು ಬಿಟ್ಟುಹೋದದ್ದನ್ನು ಓದುತ್ತಾನೆ.
ಬಂಡೆಯ ಮೇಲೆ ಒಡೆದ ಚಿಪ್ಪು:
ನೀರುನಾಯಿ, ಇವತ್ತಿನ ತಿಂಡಿ.
ಇಳಿದ ಬಿಳಿ ಗೀರು:
ಮೇಲೆ ನೀರುಕಾಗೆಯ ಮರಿ, ಎರಡು, ಬಹುಶಃ ಮೂರು.
ಅರ್ಧ ಸ್ಪ್ಯಾನಿಷ್, ಅರ್ಧ ಕೈ.
ಯಮುನಕ್ಕನಿಗೆ ಹೊಟ್ಟೆ ತೊಳಸಿ
ಕಂಡದ್ದೆಲ್ಲ ಬಕೆಟ್ಟಿನ ತಳ.

ಇಳಿಜಾರಲ್ಲಿ ಒಂದು ಪೆಂಗ್ವಿನ್ ಒಂಟಿಯಾಗಿ ನಿಂತಿತ್ತು.
ಹರಿದ ಹಾಸಿಗೆಯ ಹತ್ತಿಯಂತೆ ಪುಕ್ಕ
ಅದರ ಸುತ್ತಲೇ ಬಿದ್ದಿತ್ತು.
ಕಾಯಿಲೆಯಾ ಅಂದೆ.
ಅಲ್ಲ, ಅಂಗಿ ಬದಲಿಸುತ್ತಿದೆ.
ಹೊಸತು ಬರುವ ತನಕ ನೀರಿಗಿಳಿಯುವಂತಿಲ್ಲ,
ಇಳಿಯದೆ ಊಟವಿಲ್ಲ.
ಮೂರು ವಾರ ಹೀಗೇ, ಮುಖ ಊದಿಸಿಕೊಂಡು.
ಅದಕ್ಕೂ ಗೊತ್ತು, ಮುಂಚೆಯೇ ತಿಂದು ದಪ್ಪಗಾಗಿರುತ್ತೆ.

ಅದಕ್ಕೆ ಜಾಗ ಮಾಡಲೆಂದು ಹಿಂದಕ್ಕೆ ಸರಿಸುತ್ತ ಹೋದೆ.
ಕಾಸ್ತ್ರೊ, ಮಂಗಳವಾರ, ಒಂದು ಹಳದಿ ಮನೆ,
ಮೀನಿನ ಹುರುಪೆಯಂತೆ ಹೊದಿಸಿದ ಹಲಗೆ,
ಹಿತ್ತಲ ಅಟ್ಟಣೆಯಲ್ಲಿ ಒಣಹಾಕಿದ ಬಟ್ಟೆ.
ಇಂಥದ್ದು ಹನ್ನೊಂದಿದ್ದವು. ಇದು ಹೋಗಲಿ.
ಅಳಿಸಲೇ? ಅಂತ ಯಂತ್ರ ಕೇಳಿತು.

ಉಪ್ಪು ಹಿಡಿದ ಹೆಬ್ಬೆರಳು ಅಡ್ಡ ಬಂತು.
ತಡೀರಿ.

ಅದು ಅವನ ಅಕ್ಕನ ಮನೆ.
ಒಂದು ದೋಣಿ, ಎರಡು ಪಾಲು, ಒಬ್ಬ ವಕೀಲ;
ಆರು ವರ್ಷದಿಂದ ಮಾತಿಲ್ಲ.
ಇಂಜಿನ್ ನಿಲ್ಲಿಸಿದ. ಹಿಗ್ಗಿಸಲು ಹೇಳಿದ.
ಸೌದೆ ಈಗಲೇ ಒಟ್ಟಿದ್ದಾಳೆ,
ಚಳಿ ಬೇಗ ಬರುತ್ತೆ ಅಂದುಕೊಂಡಿದ್ದಾಳೆ.
ಗಂಡಸಿನ ಸ್ವೆಟರು, ಮೊಣಕೈಗೆ ತೇಪೆ:
ಹಾಗಾದರೆ ರುಪೆರ್ತೊ
ಸಾಲ್ಮನ್ ಕಂಪನಿ ಬಿಟ್ಟು ಬಂದಿದ್ದಾನೆ.
ಆಮೇಲೆ ಹಗ್ಗದ ತುದಿಗೆ ಬಂದ.
ಕೆಂಪು ಕಾಲುಚೀಲ, ಹೆಬ್ಬೆರಳಷ್ಟಿವೆ, ಮೂರು.
ಮತ್ತೆ ಎಣಿಸಿದ. ಮೂರೇ.

ಮಗು ಕಂಡಿತಾ?

ನಾನು ಬಣ್ಣ ನೋಡುತ್ತಿದ್ದೆ ಅಂದೆ.

ಅಷ್ಟರಲ್ಲಿ ಯಾರೋ ತಿಮಿಂಗಿಲ ಎಂದು ಕೂಗಿ
ದೋಣಿ ಒಂದು ಪಕ್ಕಕ್ಕೆ ವಾಲಿತು.
ದೂರದಲ್ಲಿ ಉಗಿಯೋ, ಒಡೆದ ಅಲೆಯೋ.
ಯಮುನಕ್ಕ ಕೂಡ ತಲೆ ಎತ್ತಿದಳು.
ಬೆಲಾರ್ಮಿನೊ ಎತ್ತಲಿಲ್ಲ.

ದಡದಲ್ಲಿ ನಮ್ಮನ್ನು ಇಳಿಸಿ
ಗಾಡಿಯ ಹುಡುಗನನ್ನು ಕೇಳುತ್ತಿದ್ದ,
ಭಾನುವಾರ ಕಾಸ್ತ್ರೊಗೆ ಬಸ್ಸು ಎಷ್ಟಕ್ಕೆ?
ಹುಡುಗ ನಕ್ಕ: ಇಲ್ಲೇ ಹುಟ್ಟಿದವನು ಕೇಳೋ ಪ್ರಶ್ನೆಯಾ?

ಹಡಗಿನ ಕಟಕಟೆಗೆ ಒರಗಿ
ಎರಡು ಇಗರ್ಜಿ ಅಳಿಸಿದೆ.
ಪೆಲಿಕನ್ನು ಎದುರಿಗೇ ಬಂದು ಕೂತಿತು, ತೆಗೆಯಲಿಲ್ಲ.
ಹಳದಿ ಮನೆಯನ್ನು ಹಿಗ್ಗಿಸುತ್ತ
ಹಗ್ಗದಿಂದ ಕೆಳಗಿಳಿದೆ,
ಹಲಗೆ, ಮೆಟ್ಟಿಲು, ಪಾಚಿ ಕಟ್ಟಿದ ಕಂಬ.
ಸಮುದ್ರ ಹಿಂದೆ ಸರಿದಿದ್ದ ಹೊತ್ತು ಅದು.
ಕೆಸರಲ್ಲಿ, ಕಂಬದ ಬುಡದಲ್ಲಿ,
ನಾಲ್ಕನೆಯದು.

ಹಡಗು ಅರ್ಧ ಕಾಲುವೆ ದಾಟಿತ್ತು.